ಆಸ್ಟ್ರೇಲಿಯಾ ಪದ್ಧತಿಯಲ್ಲಿ ನಾನು ಗೆದ್ದದ್ದು

ಅವಮಾನವನ್ನು ಮರೆಯುವುದೇ ದೊಡ್ಡತನವೆಂದು ಉಪದೇಶಿಸುವವರು ಸಾಮಾನ್ಯವಾಗಿ ಅವಮಾನ ಮಾಡಿದವರೇ ಆಗಿರುತ್ತಾರೆ. ಅಂಥ ದೊಡ್ಡತನಕ್ಕೆ ನಾನೆಂದೂ ಆಸೆಪಟ್ಟವನಲ್ಲ. ಬ್ರೂಕ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷಗಿರಿಗೆ ಕಳೆದ ವರ್ಷ ನಾನು ನಿಂತಾಗ ಕೈ ಎತ್ತಿಸಿ ಮತ ಎಣಿಸಿದರು. ಎಣಿಸಿದವರು ನನ್ನ ಎದುರಾಳಿ ಮುನಿರೆಡ್ಡಿಯವರೇ; ಈ ಕಟ್ಟಡ ಏಳುವ ಮೊದಲು ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು. ಆಕಳಿಸುತ್ತ ಮೈಮುರಿದ ಮಹಾಶಯರೊಬ್ಬರ ಎರಡೂ ಕೈಗಳು ಅವರ ಲೆಕ್ಕಕ್ಕೆ ಸೇರಿದ್ದನ್ನು ನಾನು ಕಣ್ಣಾರೆ ಕಂಡೆ. ಸೋತೆ.

ಆ ಬಳಿಕ ಲೋಕದ ಚುನಾವಣೆಗಳನ್ನೆಲ್ಲ ಅಭ್ಯಾಸ ಮಾಡಿದೆ. ಬ್ರಿಟನ್ನಿನಲ್ಲಿ, ನಮ್ಮಲ್ಲಿಯಂತೆಯೇ, ಒಂದು ಮತ ಮುಂದಿದ್ದರೂ ಕ್ಷೇತ್ರ ಗೆದ್ದಂತೆ. ಅಮೆರಿಕದಲ್ಲಿ ದೇಶಾದ್ಯಂತ ಹೆಚ್ಚು ಮತ ಪಡೆದವರಿಗೂ ಅಧ್ಯಕ್ಷಗಿರಿ ತಪ್ಪಬಹುದು. ಜರ್ಮನಿಯಲ್ಲಿ ಒಬ್ಬೊಬ್ಬರಿಗೆ ಎರಡು ಮತ, ಅಭ್ಯರ್ಥಿಗೊಂದು, ಪಕ್ಷಕ್ಕೊಂದು. ನಮ್ಮ ಮೈಮುರಿದ ಮಹಾಶಯರು ಬಹುಶಃ ಅಲ್ಲಿಯವರು. ನನ್ನ ಮನಸ್ಸಿಗೆ ಹಿಡಿಸಿದ್ದು ಆಸ್ಟ್ರೇಲಿಯಾ. ಅಲ್ಲಿ ಪ್ರತಿ ಅಭ್ಯರ್ಥಿಯ ಮುಂದೆಯೂ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮ ಬರೆಯಬೇಕು. ಅರ್ಧಕ್ಕಿಂತ ಹೆಚ್ಚು ಮಂದಿಯ ‘ಒಂದು’ ಯಾರಿಗೋ ಅವರೇ ಗೆದ್ದಂತೆ.

ಈ ಪದ್ಧತಿಯನ್ನು ಸಂಘದ ಸಭೆಯಲ್ಲಿ ಹಟ ಹಿಡಿದು ಒಪ್ಪಿಸಿ, ವಿವರಣೆಯನ್ನು ಲಿಫ್ಟಿನಲ್ಲಿ ಅಂಟಿಸಿದೆ. ಕಣದಲ್ಲಿ ಮುನಿರೆಡ್ಡಿ, ನಾನು, ಮತ್ತು ಜಿಮ್ ಬೇಕೆನ್ನುವ ಯುವಕನೊಬ್ಬ. ಎಣಿಕೆ ಮುಗಿದಾಗ ಮುಕ್ಕಾಲು ಪಾಲು ‘ಒಂದು’ ನನ್ನ ಹೆಸರಿನ ಮುಂದೆಯೇ ಇತ್ತು. ನನ್ನ ಕಣ್ಣು ತುಂಬಿ ಬಂತು. ಮೈಸೂರುಪಾಕು ಹಂಚಿದೆ.

ಎರಡನೆಯ ಮಹಡಿಯ ಶಿಲ್ಪಾ, ಸಾಫ್ಟ್‌ವೇರ್ ಕೆಲಸದ ಹುಡುಗಿ, ಮೈಸೂರುಪಾಕು ಕೈಯಲ್ಲಿ ಹಿಡಿದು ನಿಂತೇ ಇದ್ದಳು.

“ಅಂಕಲ್, ಬೇಜಾರ್ ಮಾಡ್ಕೋಬೇಡಿ. ನಾನು ನಿಮಗೆ ಒಂದೇ ಸ್ಟಾರ್ ಕೊಟ್ಟಿದ್ದೆ. ನಮ್ಮ ಫ್ಲೋರಲ್ಲಿ ಎಲ್ರೂ ಅಷ್ಟೇ. ನೀವು ಹೆಂಗೆ ಗೆದ್ರಿ?”

ಊಟ ತಂದುಕೊಟ್ಟವರಿಗೆ, ಕ್ಯಾಬ್ ಓಡಿಸಿದವರಿಗೆ ದಿನವೂ ಸ್ಟಾರ್ ಕೊಡುವ ಈ ಜನ ನಮಗೂ ರೇಟಿಂಗ್ ಕೊಟ್ಟಿದ್ದರು. ಮೆಚ್ಚಿದವರಿಗೆ ಮೂರು, ಕಂಡರಾಗದವರಿಗೆ ಒಂದು.

“ಲಿಫ್ಟಿನಲ್ಲಿ ನನ್ನ ವಿವರಣೆ ಇತ್ತಲ್ಲಮ್ಮ?”

“ನಿಮ್ಮ ನೋಟಿಸ್ ಯಾರು ಓದ್ತಾರೆ ಅಂಕಲ್? ದಿನಾ ಅಂಟಿಸ್ತಾನೇ ಇರ್ತೀರ, ಚಪ್ಪಲಿಗೊಂದು, ಕುಕ್ಕರ್ ಸೀಟಿಗೊಂದು.”

ಹಾಗಾದರೆ ಮತ್ತೊಮ್ಮೆ ಚುನಾವಣೆ ನಡೆಸೋಣವೆಂದು ಯಾರೋ ಅಂದರು. ಮುನಿರೆಡ್ಡಿಯವರು ಹೊಟ್ಟೆ ಹಿಡಿದು ನಕ್ಕರು. “ಮರು ಎಲೆಕ್ಸನ್ ಯಾಕ್ ಬುಡಿ ಸಾರ್. ರೂಲು ನಿಮ್ದೇ. ಇಷ್ಟು ಜನ ಒಟ್ಟಾಗಿ ಬೈದವ್ರೆ ಅಂದ್ಮೇಲೆ ನೀವೇ ಲೀಡರ್ರು. ಕುಂತ್ಕಳಿ ಕುರ್ಚಿ ಮ್ಯಾಲೆ.” ಸಭೆಯೆಲ್ಲ ಚಪ್ಪಾಳೆ ತಟ್ಟಿತು; ಶಿಲ್ಪಾಳೂ ತಟ್ಟಿದಳು.

ನಾನು ಕುಳಿತೆ. ಏಕೆ ಮತ ಹಾಕಿದಿರೆಂದು ಮತದಾರನನ್ನು ಕೇಳುವ ಕ್ರಮ ನಾನು ಓದಿದ ಯಾವ ದೇಶದಲ್ಲೂ ಇಲ್ಲ.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಶಾರದೆ ಹೆಮ್ಮೆಯಿಂದ ಹೇಳಿದಳು: “ಯಾರು ಏನಾದ್ರೂ ಕೊಡ್ಲಿ ಕಣ್ರೀ, ನಾನಂತೂ ನಿಮಗೆ ಮೂರಕ್ಕೆ ಮೂರೂ ಕೊಟ್ಟೆ. ಆ ಮುನಿರೆಡ್ಡಿಗೆ ಒಂದೇ.”

ನನ್ನನ್ನು ಗೆಲ್ಲಿಸಿದ ವಿರೋಧಿಗಳನ್ನೆಲ್ಲ ನಾನು ಮನಸಾರೆ ಕ್ಷಮಿಸಿದ್ದೇನೆ. ನನ್ನನ್ನು ಇಷ್ಟೊಂದು ಪ್ರೀತಿಸಿ ಮುನಿರೆಡ್ಡಿಗೆ ಮತ ಹಾಕಿದವಳನ್ನು ಮಾತ್ರ ಹೇಗೆ ಕ್ಷಮಿಸಬೇಕೋ ತಿಳಿಯುತ್ತಿಲ್ಲ.