ಹೆಜ್ಜೆ ಡಾಕ್ಟರನ ಬೂಟಿನ ಖರ್ಚು

ಇಷ್ಟೆಲ್ಲ ರಗಳೆಗೆ ಮೂಲ ಒಂದು ಬೂಟು. ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವಷ್ಟರಲ್ಲೇ ನಿವೃತ್ತ ಹೆಡ್‌ಮೇಡಂ ಅದನ್ನು ತಂದು ಹೆಜ್ಜೆ ಡಾಕ್ಟರನ ಮೇಜಿನ ಮೇಲೆ ಕುಕ್ಕಿದರು. ಅಡಿ ಕಿತ್ತುಹೋಗಿ ಬಾಯಿ ಬಿಟ್ಟುಕೊಂಡಿತ್ತು.

"ಎಲ್ಲರದ್ದೂ ಹೀಗೇ ಆಗಿದೆ ಮರಿ. ನೀನು ನಡೀರಿ ಅಂದೆ, ನಾವು ನಡೆದ್ವಿ."

ದಿನಾ ನಡೆದರೆ ವಯಸ್ಸಾದವರ ಬಿಪಿ ಇಳಿಯುತ್ತದೆಯೇ ಎಂಬುದು ಅವನ ಸಂಶೋಧನೆ. ಬಡಾವಣೆಯ ಹಿರಿಯರಿಗೆ ಬೂಟು ಕೊಟ್ಟು, ಕೈಗೆ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿದ್ದ; ಅದಕ್ಕೇ ಅವನಿಗೆ ಹೆಜ್ಜೆ ಡಾಕ್ಟರ ಎಂಬ ಹೆಸರು. ಅನುದಾನದಲ್ಲಿ ಇದ್ದದ್ದು ತಲೆಗೆ ಒಂದೇ ಜೊತೆ. ಹೊಸ ಬೂಟು ಬರದಿದ್ದರೆ ನಡಿಗೆ ನಿಲ್ಲುತ್ತದೆ, ನಡಿಗೆ ನಿಂತರೆ ಇಷ್ಟು ದಿನದ ದುಡಿಮೆಯೆಲ್ಲ ನೀರುಪಾಲು.

ಬೂಟಿಗೆ ಹಣ ಕೇಳಲು ಹೋದರೆ ಕಚೇರಿಯ ಲೆಕ್ಕಪತ್ರದ ಯಜಮಾನರು ಕನ್ನಡಕ ಮೇಲೇರಿಸಿದರು. "ಹೆಚ್ಚುವರಿ ಹಣ ಅನಿರೀಕ್ಷಿತ ಖರ್ಚಿಗೆ ಮಾತ್ರ ಸ್ವಾಮಿ. ನಡೆದ್ರೆ ಬೂಟು ಸವೆಯುತ್ತೆ ಅಂತ ಗೊತ್ತಿರ್ಲಿಲ್ವಾ?"

"ಸವೆಯುತ್ತೆ ಅಂತ ಗೊತ್ತಿತ್ತು ಸಾರ್. ಇವ್ರು ನಡೀತಾರೆ ಅಂತ ಗೊತ್ತಿರ್ಲಿಲ್ಲ!"

"ಅಂದ್ರೆ ನಿಮ್ಮ ಸಂಶೋಧನೆ ಮೇಲೆ ನಿಮಗೇ ನಂಬಿಕೆ ಇರ್ಲಿಲ್ಲ."

"ಇತ್ತು... ಇಷ್ಟೊಂದು ಇರ್ಲಿಲ್ಲ."

ಯಜಮಾನರು ತಲೆ ಕೆರೆದುಕೊಂಡರು. ಡಾಕ್ಟರನೂ ಕೆರೆದುಕೊಂಡ. ಕೊನೆಗೆ ಯಜಮಾನರೇ ಅನುದಾನದ ಕಚೇರಿಗೆ ಫೋನು ಹಚ್ಚಿದರು. "ಸಾಯಂಕಾಲ ಅಲ್ಲಿಂದ ಮೇಡಂ ಬರ್ತಾರೆ. ಬೂಟು ಹಾಳಾಗಿರ್ಬೇಕು, ನಡಿಗೆ ನಿಂತಿರಬಾರ್ದು. ಎರಡೂ ಕಂಡ್ರೆ ಹಣ ಬಂದ ಹಾಗೇನೇ."

ಡಾಕ್ಟರ ಪಾರ್ಕಿಗೆ ಓಡಿದ. ಹಿರಿಯರೆಲ್ಲ ಬೆಂಚುಗಳ ಮೇಲೆ ಕುಳಿತಿದ್ದರು. ಅವನು ಏದುಸಿರು ಬಿಡುತ್ತಲೇ ಹೇಳಿದ, "ಸಾಯಂಕಾಲ ದೊಡ್ಡ ಮೇಡಂ ಬರ್ತಾರೆ! ನಿಮ್ಮ ಬೂಟು ನೋಡೋಕೇ ಬರ್ತಾರೆ! ಪಟ್ಟೀಲಿ ಹೆಜ್ಜೆ ಕಮ್ಮಿ ಆದ್ರೆ ನಾನು ಕೆಟ್ಟೆ!"

"ಬೂಟು ನೋಡೋಕಾ?" ಎಂದರು ನಿವೃತ್ತ ಟೈಲರ್ ಅಜ್ಜ, ತೋಳು ಮಡಚುತ್ತ. "ನಾನಿದ್ದೀನಿ, ಹೋಗಪ್ಪ ನೀನು."

ಗಾಬರಿಯಲ್ಲಿದ್ದ ಡಾಕ್ಟರನಿಗೆ ಆ ಮಾತು ಸಮಾಧಾನದಂತೆಯೇ ಕೇಳಿಸಿತು.

ಸಾಯಂಕಾಲ ಅವನು ಅನುದಾನದ ಮೇಡಂ ಜೊತೆ ಪಾರ್ಕಿಗೆ ಬಂದು ನೋಡಿದ. ಸಾಲಾಗಿ ಚಾಚಿದ ಕಾಲುಗಳಲ್ಲಿ ಹೊಲಿದು, ಅಂಟಿಸಿ, ಪಾಲಿಶ್ ಹಾಕಿದ ಬೂಟುಗಳು ಕನ್ನಡಿಯಂತೆ ಮಿರಮಿರ ಮಿಂಚುತ್ತಿದ್ದವು.

"ಏನಜ್ಜಾ ಇದು?" ಎಂದು ಟೈಲರ್ ಅಜ್ಜನ ಕಿವಿಯಲ್ಲಿ ಕೇಳಿದ.

"ಮರ್ಯಾದೆ ಪ್ರಶ್ನೆ ಕಣೋ. ಬಂದೋರ ಮುಂದೆ ಹರಕು ಬೂಟಾ?"

ಮೇಡಂ ಒಬ್ಬೊಬ್ಬರ ಪಟ್ಟಿ ನೋಡಿದರು. ಹುಬ್ಬು ಹಣೆಗೇರಿತು. "ಅಬ್ಬಬ್ಬಾ! ದಿನಾ ನಡೆಯೋದಕ್ಕಿಂತ ಮೂರು ಪಟ್ಟು! ಬೂಟೂ ಹೊಸದರ ಹಾಗಿದೆ. ಇನ್ನು ಹೆಚ್ಚುವರಿ ಹಣ ಯಾಕ್ರೀ?" ಡಾಕ್ಟರನ ಕೈ ಕುಲುಕಿ ಕಾರು ಹತ್ತಿಯೇ ಬಿಟ್ಟರು.

ಡಾಕ್ಟರನಿಗೆ ತಲೆಬುಡ ತಿಳಿಯಲಿಲ್ಲ. "ಹಗಲೆಲ್ಲ ಬೂಟು ಅಜ್ಜನ ಹತ್ರಾನೇ ಇತ್ತಲ್ಲ, ಬರಿಗಾಲಲ್ಲಿ ಅಷ್ಟು ಹೇಗೆ ನಡೆದ್ರಿ?"

"ನಡೆದೋರು ಯಾರು?" ಹೆಡ್‌ಮೇಡಂ ನಕ್ಕರು. "ಇಲ್ಲೇ ಕೂತ್ಕೊಂಡು ಕೈ ಅಲ್ಲಾಡಿಸಿದ್ವಿ, ಪಟ್ಟಿ ಅದನ್ನೂ ಹೆಜ್ಜೆ ಅಂತಾನೇ ಎಣಿಸ್ತು. ಬೂಟೂ ಸವೆಯಲ್ಲ, ಮಂಡೀನೂ ನೋಯಲ್ಲ. ಇಷ್ಟು ದಿನ ಯಾಕೆ ನಡೆದ್ವೋ! ಇನ್ಮೇಲೆ ಹೀಗೇ ಅಂತ ಎಲ್ರೂ ತೀರ್ಮಾನ ಮಾಡಿದ್ದೀವಿ."

ಡಾಕ್ಟರ ದೊಪ್ಪನೆ ಬೆಂಚಿನ ಮೇಲೆ ಕುಸಿದ. ನಿಜ ಹೇಳಿದರೆ ಇರುವ ಅನುದಾನಕ್ಕೂ ಕುತ್ತು, ಹೇಳದಿದ್ದರೆ ಬೂಟೂ ಇಲ್ಲ, ನಡಿಗೆಯೂ ಇಲ್ಲ.

ಹೆಡ್‌ಮೇಡಂ ತಮ್ಮ ಪಟ್ಟಿ ಬಿಚ್ಚಿ ಅವನ ಕೈಗೆ ಕಟ್ಟಿದರು.

"ಸುಮ್ನೆ ಯಾಕೆ ಕೂತಿದ್ದೀಯ ಮರಿ? ನನ್ನ ತೋಳು ಸೋತುಹೋಗಿದೆ. ಸ್ವಲ್ಪ ಹೊತ್ತು ನೀನು ಅಲ್ಲಾಡಿಸು."