ಸಾಮುದ್ರಿಕ ಪಂಡಿತ ಬಾಳೇಶ

ತಪ್ಪು ದುಂಡಪ್ಪನವರದು. ಖಾನಾಪುರದ ಸಮುದಾಯ ಭವನದ ಉಸ್ತುವಾರಿ ಅವರದೇ. ಬಾಳೇಶ ಬೆಳಗಾವಿಯಿಂದ ಫೋನ್ ಮಾಡಿ, "ನಾ ಸಮುದ್ರಶಾಸ್ತ್ರದಾಂವ ರೀ, ರವಿವಾರ ಮಂದಿನ್ನ ಕೂಡಸ್ರಿ," ಎಂದಿದ್ದ. ಅವರು ಬಾಗಿಲಿಗೆ ಬೋರ್ಡು ಬರೆಸಿದರು: 'ಸಾಮುದ್ರಿಕ ಶಾಸ್ತ್ರ ಪಂಡಿತರ ಆಗಮನ.'

ಕಾಕತಿಯ ಬಾಳೇಶ ಕಡಲಿನ ಸಂಶೋಧನೆಗೆ ಸೇರಿ ತಿಂಗಳೂ ಆಗಿರಲಿಲ್ಲ. ಅವನ ಮಾರ್ಗದರ್ಶಕಿ ಟಿಳಕವಾಡಿಯ ಕಾಂತಾ ಮೇಡಂ. ಅಲೆ ಅಳೆಯುವವರು, ಮೀನು ಹಿಡಿಯುವವರು, ಘಟ್ಟದ ಮೇಲೆ ಅದನ್ನು ತಿನ್ನುವವರು ಎಲ್ಲರೂ ಕೂಡಿ ಕೂತರೇನೇ ಕಡಲು ಅರ್ಥವಾದೀತು ಎಂಬುದು ಅವರ ನಂಬಿಕೆ. ಅದಕ್ಕೇ ಒಣಮೀನಿನ ಬಗ್ಗೆ ಜನರೊಡನೆ ಮಾತಾಡಲು ಅವನನ್ನು ಅಟ್ಟಿದ್ದರು.

"ಹೊಸಬರು ಹೋದಕೂಡ್ಲೇ ಪಾಠಾ ಹೇಳಬಾರದು," ಎಂದಿದ್ದರು. "ಮಂದಿ ಏನ್ ಕೇಳ್ತಾರ ಅದರಿಂದನ ಸುರು ಮಾಡು. ಇಲ್ಲಾ ಅನಬ್ಯಾಡ. ಸಂಜಿಮುಂದ ನಾನೂ ಬಂದು ನೋಡ್ತೀನಿ. ನಿನ್ನ ಕೆಲಸ ಕಾಯಂ ಮಾಡೂದು ಆಮ್ಯಾಲಿನ ಮಾತು."

ಭವನದೊಳಗೆ ಕಾಲಿಟ್ಟ ಬಾಳೇಶ ದಂಗಾದ. ರೇಶನ್ ಅಂಗಡಿಗೆ ಸಕ್ಕರೆ ಬಂದ ದಿನದ ಹಾಗೆ ಜನ ತುಂಬಿದ್ದರು. ಹಿಗ್ಗಿ, "ಏನ್ ಕೇಳ್ತೀರಿ ಕೇಳ್ರಿ," ಎಂದ.

ಮುಂದಿನ ಸಾಲಿನ ಮಾಯಕ್ಕ ಅಂಗೈ ಚಾಚಿದಳು. "ನನ್ನ ಸೊಸಿ ತವರಮನಿಯಿಂದ ಯಾವಾಗ ಬರ್ತಾಳ, ರೇಖಿ ನೋಡಿ ಹೇಳಪಾ."

ಬಾಳೇಶ ಒಂದು ಹೆಜ್ಜೆ ಹಿಂದೆ ಸರಿದ. "ಯಕ್ಕಾ, ನಾ ಕೈ ನೋಡಾಂವ ಅಲ್ಲಬೇ."

"ಖರೇ ಪಂಡಿತರು ಹಿಂಗ ಅಂತಾರ," ದುಂಡಪ್ಪ ಸಭೆಗೆ ವಿವರಿಸಿದರು. "ಗೊತ್ತಿಲ್ಲದವರು ಗೊತ್ತೈತಿ ಅಂತಾರ."

ಇಲ್ಲ ಎನ್ನಬಾರದಲ್ಲ. ಬಾಳೇಶ ಬೆವರುತ್ತ ಮಾಯಕ್ಕನ ಕೈ ಹಿಡಿದು, "ಲಗೂನ ಬರ್ತಾಳ," ಎಂದ. ಬಾಗಿಲಲ್ಲಿ ಚೀಲ ಹಿಡಿದ ಹೆಣ್ಣುಮಗಳೊಬ್ಬಳು ಇಣುಕಿದಳು.

"ಅತ್ತಿ, ಮನಿ ಕೀಲಿ ಕೊಡ್ರಿ."

ಸಭೆ ಬೆಚ್ಚಿ ಕೈಮುಗಿಯಿತು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಬಾಳೇಶನೇ.

ಆಮೇಲೆ ಅಂಗೈಗಳ ಮಹಾಪೂರ. ಮದುವೆ, ವರ್ಗಾವಣೆ, ಎಮ್ಮೆಯ ಗಬ್ಬ. ನಡುವೆ ಅವನು ಮೀನಿನ ಮಾತೆತ್ತಿದರೆ, "ನಂದು ಮೀನ ರಾಶಿ ಅಂತ ಹೆಂಗ ಗೊತ್ತಾತ್ರಿ?" ಎಂದು ನಾಗಲಿಂಗ ಮಾಸ್ತರರು ಕಾಲಿಗೇ ಬಿದ್ದರು.

ಅದೇ ಹೊತ್ತಿಗೆ ಕಾಂತಾ ಮೇಡಂ ಒಳಗೆ ಬಂದರು. ಬಾಳೇಶನ ಮುಖ ಸುಣ್ಣವಾಯಿತು. ಮೇಡಂ ಬೋರ್ಡು ನೋಡಿದರು, ಸಾಲು ನೋಡಿದರು, ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಎದುರು ಕೂತು ತಮ್ಮ ಅಂಗೈ ಚಾಚಿದರು.

"ನಮ್ಮ ಸಂಶೋಧನಾಕ್ಕ ದಿಲ್ಲಿಯಿಂದ ರೊಕ್ಕ ಮಂಜೂರ ಆಗ್ತದೋ ಇಲ್ಲೋ, ನೋಡು."

"ಮೇಡಂ, ನೀವೂ..."

"ಊರಿಗೆಲ್ಲಾ ಹೇಳೀದಿ. ನನಗೂ ಹೇಳು."

ಬಾಳೇಶ ಅವರ ಕೈ ಹಿಡಿದ. ಮೇಡಂ ಖುಷಿಯಾದರೆ ತನ್ನ ಕೆಲಸವೂ ಉಳಿದೀತು. "ಖಾತ್ರಿ ಆಗ್ತೈತ್ರಿ," ಎಂದ.

ಅವರ ಮುಖ ಅರಳಿತು. "ಭಾಳ ಚಲೋ ಆತು. ರೊಕ್ಕದ ಭರೋಸಾ ಇಲ್ಲಂತ ಕಡಿಮಿ ಪಗಾರದ ಹೊಸಬನ್ನ ಇಟ್ಕೊಂಡಿದ್ದೆ. ಇನ್ನ ಅನುಭವ ಇದ್ದವರನ್ನ ಕರಸ್ತೀನಿ. ನಾಳಿಂದ ನೀ ಬರೂದು ಬ್ಯಾಡ, ಬಾಳೇಶ."

ಬಾಳೇಶ ಇನ್ನೂ ಅವರ ಕೈ ಹಿಡಿದೇ ಇದ್ದ.