ಗೋಡೆ ಕಡೆ ಮುಖ ಮಾಡಿ ನೋಡಿದ ಮ್ಯಾಚು

ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಥರದ ಎಡವಟ್ಟು. ನಮ್ಮ ಮನೆಯಲ್ಲಿ ಏನೇ ಆದರೂ ಅದು ಶನಿವಾರವೇ ಆಗುತ್ತೆ, ಕಾರಣ ಫುಟ್‌ಬಾಲೇ ಆಗಿರುತ್ತೆ. ಅದೂ ಅಮೆರಿಕದ ಕಾಲೇಜು ಹುಡುಗರ ಫುಟ್‌ಬಾಲು. ಹೆಸರಿಗೆ ಫುಟ್ಟು, ಚೆಂಡು ಮಾತ್ರ ಸದಾ ಕೈಯಲ್ಲೇ. ಯಾಕೆ ಹಾಗೆ ಅಂತ ಮದುವೆಯಾದ ಹೊಸದರಲ್ಲಿ ಕೇಳುತ್ತಿದ್ದೆ, ಈಗ ಕೇಳುವುದನ್ನು ಬಿಟ್ಟಿದ್ದೇನೆ.

ಸೀಟು ಕೊಡದ ಕಾಲೇಜು

ನಮ್ಮೆಜಮಾನರು ಹಾಸನದವರು. ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಅಮೆರಿಕದಿಂದ ರಜೆಗೆ ಬಂದ ಸೋದರಮಾವ ಒಂದು ಹಸಿರು ಟೀಶರ್ಟು ಕೊಟ್ಟರಂತೆ. ಅದರ ಎದೆ ಮೇಲೆ ಹಲ್ಲು ಕಿರಿದ ಒಂದು ಪ್ರಾಣಿ. ಅಜ್ಜಿ ಅದನ್ನು ನಾಯಿ ಅಂದರು, ತಾತ ಹುಲಿ ಅಂದರು, ಜಗಳ ಇವತ್ತಿಗೂ ತೀರ್ಮಾನವಾಗಿಲ್ಲ. ಮಾವ ಆ ಕಾಲೇಜಿನ ಆಟದ ಕಥೆಗಳನ್ನೂ ಹೇಳಿದರಂತೆ. ಅಷ್ಟೇ ಸಾಕಾಯಿತು. ಬೀದಿಯ ಹುಡುಗರೆಲ್ಲ ಕ್ರಿಕೆಟ್ ಆಡುವಾಗ ಇವರೊಬ್ಬರು ತೆಂಗಿನಕಾಯಿಯನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಿದ್ದರಂತೆ.

ಇಂಜಿನಿಯರಿಂಗ್ ಮುಗಿಸಿ ಅದೇ ಕಾಲೇಜಿಗೆ ಅರ್ಜಿ ಹಾಕಿದರು. ಸೀಟು ಸಿಗಲಿಲ್ಲ. ಇನ್ನೆಲ್ಲೋ ಹಿಮ ಬೀಳುವ ಊರಲ್ಲಿ ಓದಿ, ಕೆಲಸ ಅಂತ ಸಾಂಟಾ ಕ್ಲಾರಾಕ್ಕೆ ಬಂದರು. ಓದಿದ ಕಾಲೇಜಿನಲ್ಲಿ ಟೀಮಿದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಓದದ ಕಾಲೇಜಿನ ಟೀಮಿನಲ್ಲಿ ಯಾರ ಮಂಡಿ ಉಳುಕಿದೆ ಅಂತ ನಿದ್ದೆಗಣ್ಣಲ್ಲೂ ಹೇಳುತ್ತಾರೆ.

"ರೀ, ನಿಮ್ಮನ್ನ ಬೇಡ ಅಂದ ಕಾಲೇಜಿಗೋಸ್ಕರ ಯಾಕ್ರೀ ಇಷ್ಟು ಒದ್ದಾಡ್ತೀರಾ?" ಅಂದೆ ಒಮ್ಮೆ.

"ಅವರು ಬೇಡ ಅಂದಿದ್ದು ನನ್ನ ಮಾರ್ಕ್ಸನ್ನ ಕಣೇ, ನನ್ನನ್ನಲ್ಲ," ಅಂದರು.

ಅಡುಗೆಮನೆಯಲ್ಲಿ ಮ್ಯಾಚು

ಇಷ್ಟೆಲ್ಲ ಹುಚ್ಚಿದ್ದರೂ ಅವರು ಮ್ಯಾಚು ನೋಡುವುದಿಲ್ಲ. ನೋಡಿದರೆ ಟೀಮು ಸೋಲುತ್ತೆ ಅಂತ ನಂಬಿಕೆ. ಚಿಕ್ಕವರಿದ್ದಾಗ ಇವರು ಟೀವಿ ಮುಂದೆ ಬಂದು ಕೂತ ತಕ್ಷಣ ಇಂಡಿಯಾದ ವಿಕೆಟ್ ಬೀಳುತ್ತಿತ್ತಂತೆ. "ಲೋ, ಎದ್ದು ಆಚೆ ಹೋಗೋ!" ಅಂತ ಅಣ್ಣಂದಿರೂ ಪಕ್ಕದ ಮನೆಯವರೂ ಸೇರಿ ಜಗಲಿಗೆ ಓಡಿಸುತ್ತಿದ್ದರು. ಆ ಶಾಪ ವೀಸಾ ಇಲ್ಲದೆ ಇವರ ಜೊತೆಗೇ ಅಮೆರಿಕಕ್ಕೆ ಬಂತು.

ಹಾಗಾಗಿ ಶನಿವಾರ ನಾನು ಟೀವಿ ಮುಂದೆ, ಅವರು ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಮುಖ ಮಾಡಿಕೊಂಡು. ಆಟದ ನಿಯಮ ಒಂದೂ ತಿಳಿಯದ ನಾನೇ ವೀಕ್ಷಕ ವಿವರಣೆ ಕೊಡಬೇಕು.

"ಏನಾಯ್ತೇ?"

"ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ."

"ಬಾಲು ಯಾರ ಹತ್ರ ಇದೆ?"

"ಎಲ್ಲರಿಗಿಂತ ಕೆಳಗಿರೋನ ಹತ್ರ."

"ಅವನು ನಮ್ಮವನಾ?"

"ಎದ್ದ ಮೇಲೆ ಕೇಳಿ ಹೇಳ್ತೀನಿ."

ಆ ಕಾಲೇಜಿನ ಸ್ಟೇಡಿಯಮ್ಮು ನಮ್ಮ ಮನೆಯಿಂದ ಗಂಟೆ ದಾರಿ. ಇಷ್ಟು ವರ್ಷದಲ್ಲಿ ಒಂದು ದಿನವೂ ಹೋದವರಲ್ಲ. "ಪಾಪ, ಅಷ್ಟು ಜನ ಆಸೆಪಟ್ಟು ಬಂದಿರ್ತಾರೆ. ನಾನೊಬ್ಬ ಹೋಗಿ ಕೆಡಿಸಲಾ?" ಅನ್ನುತ್ತಿದ್ದರು. ಟೀಮು ಸೋತ ವಾರ ಮಾತ್ರ ನನ್ನನ್ನು ಅನುಮಾನದಿಂದ ನೋಡಿ, "ನೀನು ಸರಿಯಾಗಿ ನೋಡಿದೆ ತಾನೇ?" ಅಂತ ವಿಚಾರಿಸುತ್ತಿದ್ದರು.

ಮಗಳ ಕನ್ನಡ

ಹೀಗಿರುವಾಗ ಅಪ್ಪನಿಗೆ ಸಿಗದ ಸೀಟು ಮಗಳಿಗೆ ಸಿಕ್ಕಿತು. ಸಾಲದೆಂಬಂತೆ ಅವಳು ಕಾಲೇಜು ಬ್ಯಾಂಡಿಗೆ ಸೇರಿ ಟ್ರಂಪೆಟ್ಟು ಊದತೊಡಗಿದಳು. ಮ್ಯಾಚಿನ ನಡುವೆ ಬಿಡುವು ಕೊಟ್ಟಾಗ ಆ ಬ್ಯಾಂಡು ಮೈದಾನಕ್ಕಿಳಿದು ಬಾರಿಸುತ್ತೆ.

ಅವಳಿಗೆ ಕನ್ನಡ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷು. "ಅಪ್ಪ, ಫಸ್ಟ್ ಹೋಮ್ ಗೇಮ್. ಯು ಹ್ಯಾವ್ ಟು ಕಮ್," ಅಂದಳು.

"ಟೀವಿಯಲ್ಲಿ ನೋಡ್ತೀನಿ ಪುಟ್ಟಿ."

"ಯು ಡೋಂಟ್ ಈವನ್ ವಾಚ್ ಟೀವಿ!"

"ನಾನು ಬಂದು, ನೀವು ಸೋತುಬಿಟ್ರೆ? ನಿನ್ನ ಮೊದಲನೇ ಮ್ಯಾಚು..." ಅಂದರು. ತಮಾಷೆಯಲ್ಲ, ನಿಜವಾಗಿಯೂ ಹೆದರಿದ್ದರು.

ಮಗಳು ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು: "ಸೋತರೆ ಸೋಲಲಿ. ನೀನು ಬಾ."

ಮಗಳು ಕನ್ನಡದಲ್ಲಿ ಕೇಳಿದ ಮೇಲೆ ಇಲ್ಲ ಅನ್ನುವ ಅಪ್ಪ ಈ ಸೀಮೆಯಲ್ಲಿ ಯಾರಿದ್ದಾರೆ? ಒಪ್ಪಿಕೊಂಡರು. ಅವಳು ಆಚೆ ಹೋದಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಕಣ್ಣು ಮುಚ್ಚಿಕೊಂಡು ಕೂತರೂ ಬಂದ ಹಾಗೇ ತಾನೇ?"

ಪಾರದರ್ಶಕ ಚೀಲ

ಸ್ಟೇಡಿಯಮ್ಮಿಗೆ ಒಳಗಿನದೆಲ್ಲ ಕಾಣುವಂಥ ಪ್ಲಾಸ್ಟಿಕ್ ಚೀಲವನ್ನೇ ತರಬೇಕಂತೆ. ನಮ್ಮ ಮನೆಯ ಕೋಡುಬಳೆ, ನನ್ನ ಬಿಪಿ ಮಾತ್ರೆ, ಯಜಮಾನರ ಮಫ್ಲರು, ಎಲ್ಲವೂ ಊರಿಗೆಲ್ಲ ಪ್ರದರ್ಶನವಾಗುತ್ತ ಗೇಟಿಗೆ ಬಂದವು. ಕಾವಲಿನವನು ಕೋಡುಬಳೆಯನ್ನು ಬಿಟ್ಟ. ಅದರ ಕೆಳಗಿದ್ದ ಹಸಿರು ಬಟ್ಟೆಯ ಚೂರನ್ನು ಎರಡು ಬೆರಳಲ್ಲಿ ಎತ್ತಿ, "ಇದೇನು, ಒರೆಸೋ ಬಟ್ಟೆನಾ?" ಅಂದ.

ಅದು ಸೋದರಮಾವನ ಟೀಶರ್ಟಿನಲ್ಲಿ ಉಳಿದಿದ್ದ ಭಾಗ, ಹಲ್ಲು ಕಿರಿದ ಪ್ರಾಣಿ ಇದ್ದ ಜಾಗ. ಯಜಮಾನರು ಹಾಸನದಿಂದ ಶುರುಮಾಡಿ ಕಥೆ ಹೇಳಿದರು. ಹಿಂದೆ ಕ್ಯೂ ಬೆಳೆಯಿತು. ಕಾವಲಿನವನು ಪೂರ್ತಿ ಕೇಳಿ, ಪಕ್ಕದ ಗೇಟಿನವನನ್ನೂ ಕರೆದು ತೋರಿಸಿ, "ಈ ಹಳೇ ಚಿತ್ರ ನಮ್ಮಪ್ಪನ ಹತ್ರ ಇತ್ತು," ಅಂತ ಅದನ್ನು ಎರಡೂ ಕೈಯಲ್ಲಿ ಮಡಿಚಿ ವಾಪಸು ಕೊಟ್ಟ.

ಇಡೀ ಟೀಶರ್ಟಿನಲ್ಲಿ ಅಷ್ಟೇ ಯಾಕೆ ಉಳಿದಿದೆ ಅಂತ ಅವನು ಕೇಳಲಿಲ್ಲ. ಮಿಕ್ಕ ಬಟ್ಟೆಯಲ್ಲಿ ನಾನು ವರ್ಷಗಟ್ಟಲೆ ಗ್ಯಾಸ್ ಸ್ಟವ್ ಒರೆಸಿದ್ದನ್ನು ನಾನೂ ಬಾಯಿಬಿಡಲಿಲ್ಲ.

ಮೆಟ್ಟಿಲ ಮೇಲೆ

ಕತ್ತಲು ಕತ್ತಲಾದ ಒಂದು ಓಣಿಯಲ್ಲಿ ನಡೆದು, ನಾಲ್ಕು ಮೆಟ್ಟಿಲು ಹತ್ತಿದರೆ ಒಮ್ಮೆಲೇ ಎಲ್ಲ ತೆರೆದುಕೊಂಡಿತು. ಕೆಳಗೆ ಹಸಿರು ಮೈದಾನ, ಸುತ್ತ ಆಕಾಶದವರೆಗೆ ಜನ, ಜನರ ಆಚೆ ಗುಡ್ಡ, ಇನ್ನೊಂದು ಕಡೆ ದೂರದಲ್ಲಿ ಹೊಳೆಯುವ ಕೊಲ್ಲಿಯ ನೀರು. ಫುಟ್‌ಬಾಲೆಂದರೆ ಮೂಗು ಮುರಿಯುವ ನನಗೂ ಮೈ ಝುಮ್ಮೆಂದಿತು. ಟೀವಿಯವರು ಇಷ್ಟು ವರ್ಷ ಇದನ್ನೆಲ್ಲ ಅಷ್ಟು ಸಣ್ಣ ಡಬ್ಬಿಯಲ್ಲಿ ಹೇಗೆ ಹಿಡಿಸಿದ್ದರೋ.

ಯಜಮಾನರು ನಿಂತೇಬಿಟ್ಟರು. ಆಮೇಲೆ ದೇವಸ್ಥಾನದ ಹೊಸ್ತಿಲಲ್ಲಿ ಮಾಡುವ ಹಾಗೆ ಬಗ್ಗಿ, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದಿದ್ದ ಹೆಂಗಸು, "ಅಯ್ಯೋ, ಏನೋ ಬೀಳಿಸಿಕೊಂಡರು!" ಅಂತ ತಾನೂ ಬಗ್ಗಿದಳು. ಅವಳ ಗಂಡ ಬಗ್ಗಿದ. "ಕಾಂಟ್ಯಾಕ್ಟ್ ಲೆನ್ಸಾ? ಯಾರೂ ಕಾಲಿಡಬೇಡಿ!" ಅಂತ ಇನ್ನೊಬ್ಬ ಕೈ ಅಡ್ಡ ಚಾಚಿದ. ನೋಡನೋಡುತ್ತ ಇಡೀ ಸಾಲು ನೆಲ ತಡವತೊಡಗಿತು. ನಿಜ ಹೇಳಲು ನನಗೆ ಧೈರ್ಯ ಬರಲಿಲ್ಲ. ಕೊನೆಗೆ ಒಬ್ಬಾಕೆ ಜಯಘೋಷ ಮಾಡಿ ಯಾರದೋ ಕಿವಿಯೋಲೆಯನ್ನು ತಂದು ನಮ್ಮೆಜಮಾನರ ಅಂಗೈಯಲ್ಲಿಟ್ಟಳು.

ಗೋಡೆ

ಮೊದಲರ್ಧ ಅವರು ಕಣ್ಣು ಬಿಟ್ಟುಕೊಂಡೇ ಕೂತಿದ್ದರು. ಅಷ್ಟು ಚಂದವನ್ನು ಎದುರಿಗಿಟ್ಟುಕೊಂಡು ಕಣ್ಣು ಮುಚ್ಚಲು ಆಗಲಿಲ್ಲವಂತೆ. ಟೀಮು ಹಿಂದೆ ಬೀಳುತ್ತಲೇ ಹೋಯಿತು. ಒಂದೊಂದು ಸಲ ಚೆಂಡು ಕೈತಪ್ಪಿದಾಗಲೂ ಇವರು ಕುರ್ಚಿಯಲ್ಲಿ ಒಂದಿಷ್ಟು ಕುಗ್ಗಿದರು. ಬಿಡುವಿನಲ್ಲಿ ಬ್ಯಾಂಡು ಬಂತು. ಅಷ್ಟು ಜನರ ನಡುವೆ ನಮ್ಮ ಪುಟ್ಟಿ ಟ್ರಂಪೆಟ್ಟು ಎತ್ತಿದಾಗ ಇಬ್ಬರೂ ಅತ್ತೆವು.

ಕೊನೆಯ ಹೊತ್ತಿಗೆ ನಮ್ಮವರು ಹೇಗೋ ಹತ್ತಿರ ಬಂದಿದ್ದರು. ಇನ್ನು ಎರಡೇ ಪಾಯಿಂಟು ಹಿಂದೆ. ಯಜಮಾನರು ಎದ್ದರು.

"ಎಲ್ಲಿಗ್ರೀ? ಪುಟ್ಟಿಗೆ ಮಾತು ಕೊಟ್ಟಿದ್ದೀರಾ!"

"ಸ್ಟೇಡಿಯಮ್ಮಿನ ಒಳಗೇ ಇರ್ತೀನಿ, ನೋಡಲ್ಲ ಅಷ್ಟೇ. ಅವಳು ಅಳೋ ಹಾಗಾಗಬಾರದು ಕಣೇ," ಅಂತ ಓಣಿಯೊಳಗೆ ಓಡಿದರು. ನಾನೂ ಹಿಂದೆಯೇ ಓಡಿದೆ.

ಓಣಿಯ ಒಳಗೆ ಹೋಗಿ ನೋಡಿದರೆ, ಅಲ್ಲಿ ಆಗಲೇ ನಾಲ್ಕೈದು ಜನ ಗೋಡೆ ಕಡೆ ಮುಖ ಮಾಡಿ ನಿಂತಿದ್ದಾರೆ! ಮುಖಕ್ಕೆಲ್ಲ ಹಸಿರು ಬಳಿದುಕೊಂಡ ದಢೂತಿ ಆಸಾಮಿ ಒಬ್ಬ. ಕಣ್ಣು ಬಿಗಿದು ಮುಚ್ಚಿಕೊಂಡ ಅಜ್ಜಿ ಒಬ್ಬರು. ಟೋಪಿಯ ಮುದುಕರೊಬ್ಬರು ತಿರುಗದೆಯೇ ನಮ್ಮವರಿಗೆ ಹೇಳಿದರು: "ನೋಡಿದರೆ ಸೋಲುತ್ತಾರಾ? ಬಾ, ಬಾ. ಆ ಕಂಬದ ಪಕ್ಕ ಖಾಲಿ ಇದೆ. ಇದು ನನ್ನ ಜಾಗ."

ನಮ್ಮವರು ಹೋಗಿ ನಿಂತುಕೊಂಡರು. ಪ್ರಪಂಚದಲ್ಲಿ ತಮ್ಮೊಬ್ಬರಿಗೇ ಇದೆ ಅಂದುಕೊಂಡಿದ್ದ ಶಾಪ ಇಲ್ಲಿ ಸಂಘ ಕಟ್ಟಿಕೊಂಡಿತ್ತು.

ಮುದುಕರು ನನ್ನನ್ನು ಕೇಳಿದರು: "ಅಮ್ಮ, ನಿನಗೆ ಮೈದಾನ ಕಾಣುತ್ತಾ? ಏನಾಗ್ತಿದೆ ಹೇಳು."

ಇಷ್ಟು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ? ಓಣಿಯ ಬಾಯಿಗೆ ಬಂದು ನಿಂತು ಇಂಗ್ಲಿಷಿನಲ್ಲಿ ಕೂಗಿದೆ: "ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ!"

"ಒಳ್ಳೇದು, ಒಳ್ಳೇದು," ಅಂದರು ಗೋಡೆಯವರು.

"ಈಗ ಎಲ್ಲರೂ ಎದ್ದರು. ಒಬ್ಬ ಸಣ್ಣ ಹುಡುಗ ಬಂದು ಚೆಂಡು ಒದೆಯೋಕೆ ನಿಂತಿದ್ದಾನೆ."

"ಮೈದಾನದ ತುದಿಯ ಆ ಎರಡು ಕಂಬಗಳ ನಡುವೆ ಹೋದರೆ ಮೂರು ಪಾಯಿಂಟು, ಗೆದ್ದೆವು," ಅಂದರು ಮುದುಕರು. ಕಣ್ಣು ಮುಚ್ಚಿದ್ದ ಅಜ್ಜಿ ನಮ್ಮೆಜಮಾನರ ಕೈ ಹಿಡಿದುಕೊಂಡರು. ಹುಡುಗ ಒದ್ದ. ಚೆಂಡು ಅಷ್ಟು ಜನರ ತಲೆಯ ಮೇಲೆ, ಗುಡ್ಡದ ಎದುರು, ತೇಲಿಕೊಂಡು ಹೋಗಿ ಎರಡು ಕಂಬಗಳ ಮಧ್ಯೆ ಇಳಿಯಿತು. "ಹೇಳೇ, ಹೇಳೇ!" ಅನ್ನುತ್ತಿದ್ದರು ಇವರು. ಅಷ್ಟರಲ್ಲಿ ತಲೆಯ ಮೇಲಿನ ಕಾಂಕ್ರೀಟು ನಡುಗುವಂಥ ಗದ್ದಲ ಎದ್ದಿತು, ನಾನು ಹೇಳಬೇಕಾಗಲಿಲ್ಲ.

ಗೋಡೆಯವರೆಲ್ಲ ತಬ್ಬಿಕೊಂಡರು. ನಮ್ಮವರ ಅರ್ಧ ಮುಖಕ್ಕೆ ಹಸಿರು ಬಣ್ಣ ಮೆತ್ತಿತು. ಮುದುಕರು ಬೆನ್ನು ತಟ್ಟಿ, "ನೀನು ಇಲ್ಲಿ ಯಾವ ವರ್ಷದ ವಿದ್ಯಾರ್ಥಿ?" ಅಂದರು.

ಯಜಮಾನರ ಮುಖ ಇಳಿಯಿತು. "ನನಗೆ ಇಲ್ಲಿ ಸೀಟು ಸಿಗಲಿಲ್ಲ," ಅಂದರು.

"ನನಗೂ ಸಿಗಲಿಲ್ಲ," ಅಂದರು ಮುದುಕರು. ದಢೂತಿಯವನ ಕಡೆ ಬೆರಳು ಮಾಡಿ, "ಅವನಿಗಂತೂ ಎರಡು ಸಲ," ಅಂದರು.

ಅಷ್ಟರಲ್ಲಿ ಟ್ರಂಪೆಟ್ಟು ಹಿಡಿದು ನಮ್ಮನ್ನು ಹುಡುಕಿಕೊಂಡು ಮಗಳು ಓಡಿ ಬಂದಳು. "ಅಪ್ಪ! ಯು ಕೇಮ್ ಅಂಡ್ ವಿ ವನ್! ಡಿಡ್ ಯು ಸೀ ದಟ್ ಕಿಕ್?"

ಯಜಮಾನರು ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡರು. "ನೋಡದೆ ಇರ್ತೀನಾ ಪುಟ್ಟಿ? ಕಣ್ಣು ಮಿಟುಕಿಸದೆ ನೋಡಿದೆ."

ನಾನು ಬಾಯಿ ತೆರೆಯುವಷ್ಟರಲ್ಲಿ, ಅವಳ ಬೆನ್ನ ಹಿಂದೆ ನಿಂತಿದ್ದ ಗೋಡೆಯವರೆಲ್ಲ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಅವರಲ್ಲಿ ಒಬ್ಬರಿಗೂ ಕನ್ನಡ ಬರುವುದಿಲ್ಲ.